ಬಾಲವನದಲ್ಲಿ ಮೂರು ಗಂಟೆ

ಮೇ ತಿಂಗಳ ಕೊನೆಯ ವಾರ. ಬೆಳಗ್ಗಿನ ಹನ್ನೊಂದು ಗಂಟೆಗೇ ಪುತ್ತೂರಿನ ಬಸ್ ನಿಲ್ದಾಣದಲ್ಲಿ ಸೆಕೆ ತಡೆಯಲಾರದಷ್ಟಾಗಿತ್ತು. ಕಡಬದಿಂದ ಇನ್ನೂ ಒಳಗಿರುವ ಹಳ್ಳಿಯೊಂದರಿಂದ ಮೊದಲ ಬಸ್ಸು ಹಿಡಿದು ಬಂದ ತಂದೆ ಮತ್ತು ಮಗಳು ನೆರಳು ಹುಡುಕುತ್ತ ಅಂಗಡಿಯೊಂದರ ಜಗಲಿಯಲ್ಲಿ ನಿಂತಿದ್ದರು. ಮಗಳು ಜೂನ್‌ಗೆ ಹತ್ತನೆಯ ತರಗತಿ. ಅವಳನ್ನು ಪೇಟೆಯ ಟ್ಯೂಷನ್ ತರಗತಿಗೆ ಸೇರಿಸಲೆಂದು ಬಂದಿದ್ದರು. ಅಲ್ಲಿಯವರು ಫಾರ್ಮು ಕೊಟ್ಟು, ‘ಎರಡು ಗಂಟೆಗೆ ಬನ್ನಿ, ಹಣ ಆಗ ಕಟ್ಟಿದರಾಯಿತು’ ಎಂದಿದ್ದರು. ನಡುವೆ ಮೂರು ಗಂಟೆ ಕಳೆಯಬೇಕಿತ್ತು.

ತಂದೆ, ಮಗಳ ನಡುವೆ ಅಂದು ಮಾತು ಕಡಿಮೆ. ಕಾರಣ ಒಂದು ನೋಟ್ ಪುಸ್ತಕ. ಹಿಂದಿನ ವರ್ಷದ ಗಣಿತದಲ್ಲಿ ಅವಳಿಗೆ ಬಂದ ಅಂಕ ಹೇಳಿಕೊಳ್ಳುವಂತಿರಲಿಲ್ಲ. ಯಾಕೆಂದು ಮನೆಯಲ್ಲಿ ವಿಚಾರಣೆ ನಡೆದಾಗ ಗಣಿತದ ಪುಸ್ತಕದ ಅಡಿಯಿಂದ ಈ ನೋಟ್ ಪುಸ್ತಕ ಹೊರಬಂದಿತ್ತು. ಅದರ ತುಂಬ ಅಡಿಕೆ ತೋಟದ ಹಾರುವ ಓತಿಗಳ ಚಿತ್ರ. ಚಿತ್ರದ ಕೆಳಗೆ ತಾರೀಕು, ಹೊತ್ತು, ಎಣಿಕೆ. ಒಂದು ದಿನ ನಾಲ್ಕು, ಮರುದಿನ ಏಳು, ಮತ್ತೊಂದು ದಿನ ಎರಡು. ‘ಓತಿ ಲೆಕ್ಕ ಮಾಡಿದರೆ ಯಾರು ಅಂಕ ಕೊಡ್ತಾರೆ?’ ಎಂದು ತಂದೆ ಕೇಳಿದ್ದರು. ಹುಡುಗಿ ಉತ್ತರ ಕೊಟ್ಟಿರಲಿಲ್ಲ. ಆದರೆ ಪುತ್ತೂರಿಗೆ ಹೊರಟಾಗ ಆ ಪುಸ್ತಕವನ್ನು ಚೀಲದಲ್ಲಿ ಹಾಕಿಕೊಂಡೇ ಬಂದಿದ್ದಳು.

‘ಇಷ್ಟು ಹೊತ್ತು ಇಲ್ಲಿ ನಿಂತು ಎಂತ ಮಾಡುವುದು? ಬಾಲವನಕ್ಕೆ ಹೋಗಿ. ಅಲ್ಲಿ ನೆರಳಾದರೂ ಉಂಟು’ ಎಂದರು ಅಂಗಡಿಯವರು. ನೆರಳಿನ ಆಸೆಗೆ ಇಬ್ಬರೂ ಹೊರಟರು.

ಪೇಟೆಯಿಂದ ಹೆಚ್ಚು ದೂರವಿಲ್ಲದ ಪರ್ಲಡ್ಕದಲ್ಲಿದೆ ಡಾ. ಶಿವರಾಮ ಕಾರಂತರ ಬಾಲವನ. ಗುಡ್ಡದ ಮೈಯಲ್ಲಿ ಮರಗಳ ನಡುವೆ ಕಾರಂತರು ಬಾಳಿದ ಮನೆ, ಅವರು ಕಟ್ಟಿಸಿದ ನಾಟ್ಯಶಾಲೆ, ಇನ್ನೊಂದು ಕಡೆ ಮಕ್ಕಳು ಈಜು ಕಲಿಯುವ ಕೊಳ. ಕೋಟದಲ್ಲಿ 1902ರ ಅಕ್ಟೋಬರ್ 10ರಂದು ಹುಟ್ಟಿದ ಕಾರಂತರು ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜು ಬಿಟ್ಟವರು. ಊರೂರು ಅಲೆದು, ಹಲವು ಕೆಲಸಗಳಿಗೆ ಕೈಹಾಕಿ, ಕೊನೆಗೆ ನೆಲೆ ನಿಂತದ್ದು ಪುತ್ತೂರಿನಲ್ಲಿ. ಸಹಕಾರಿ ಚಳವಳಿಯ ಹಿರಿಯರಾದ ಮೊಳಹಳ್ಳಿ ಶಿವರಾಯರ ಒಡನಾಟ ಅವರಿಗೆ ಇಲ್ಲಿ ದೊರೆಯಿತು. 1930ರ ದಶಕದಲ್ಲಿ ಪುತ್ತೂರಿನ ದಸರಾ ನಾಡಹಬ್ಬ ಕನ್ನಡದ ಸಾಹಿತಿಗಳನ್ನು ಈ ಸಣ್ಣ ಊರಿಗೆ ಕರೆತಂದದ್ದು ಇಂಥ ಒಡನಾಟದ ಫಲ. ಅದೇ ದಶಕದಲ್ಲಿ ಬಾಲವನವೂ ಹುಟ್ಟಿತು. 1936ರಲ್ಲಿ ಲೀಲಾ ಅವರನ್ನು ಮದುವೆಯಾಗಿ ಕಾರಂತರು ಸಂಸಾರ ಹೂಡಿದ್ದೂ ಪುತ್ತೂರಿನಲ್ಲೇ. ಎಪ್ಪತ್ತರ ದಶಕದಲ್ಲಿ ಸಾಲಿಗ್ರಾಮಕ್ಕೆ ಹೊರಟುಹೋಗುವ ತನಕ, ಹೆಚ್ಚುಕಡಿಮೆ ನಾಲ್ಕು ದಶಕ, ಪುತ್ತೂರೇ ಅವರ ಊರಾಗಿತ್ತು.

ಬಾಲವನ ಎಂಬ ಹೆಸರೇ ಅದರ ಉದ್ದೇಶವನ್ನು ಹೇಳುತ್ತದೆ. ಮಕ್ಕಳು ಸಾಲಾಗಿ ಕೂತು ಬಾಯಿಪಾಠ ಮಾಡುವ ಶಾಲೆ ಕಾರಂತರಿಗೆ ಹಿಡಿಸುತ್ತಿರಲಿಲ್ಲ. ಮಗು ನೋಡಿ, ಮುಟ್ಟಿ, ಕುಣಿದು, ಹಾಡಿ, ಬಿಡಿಸಿ ಕಲಿಯಬೇಕೆಂಬುದು ಅವರ ನಂಬಿಕೆ. ಆ ನಂಬಿಕೆಯನ್ನು ಭಾಷಣದಲ್ಲಿ ಬಿಡದೆ ಒಂದು ಗುಡ್ಡದ ಮೇಲೆ ನೆಟ್ಟರು. ಪ್ರಯೋಗ ಅವರು ಬಯಸಿದಷ್ಟು ಕಾಲ ನಡೆಯಲಿಲ್ಲ ಎನ್ನಬಹುದು. ಆದರೆ ಜಾಗ ಉಳಿಯಿತು. ಮುಂದೆ ಅದು ಸರಕಾರದ ಸುಪರ್ದಿಗೆ ಬಂತು. ನಡುವೆ ಮನೆ ಶಿಥಿಲವಾಗಿ, ಹಾಗೇ ಬಿದ್ದುಹೋದೀತೆಂದು ಊರವರು ನೊಂದುಕೊಂಡ ಕಾಲವೂ ಇತ್ತು. ಬಳಿಕ ದುರಸ್ತಿಯಾಯಿತು. ಇಂದು ಅದು ನಾಟಕ, ಯಕ್ಷಗಾನ, ಸಂಗೀತ, ಚಿತ್ರಕಲೆ, ಮಕ್ಕಳ ಶಿಬಿರಗಳು ನಡೆಯುವ ತಾಣ. ಅಕ್ಟೋಬರ್ 10 ಬಂದರೆ ಕಾರಂತರ ಜನ್ಮದಿನದ ಕಾರ್ಯಕ್ರಮಗಳಿಗೆ ಜನ ಸೇರುತ್ತಾರೆ.

ತಂದೆ, ಮಗಳು ಹೋದ ದಿನ ಅಂಥ ಯಾವ ಗಡಿಬಿಡಿಯೂ ಇರಲಿಲ್ಲ. ಈಜುಕೊಳದ ಕಡೆಯಿಂದ ಮಕ್ಕಳ ಕೂಗು ಕೇಳುತ್ತಿತ್ತು, ಅಷ್ಟೆ. ಚಪ್ಪಲಿ ಕಳಚಿಟ್ಟು ಮನೆಯೊಳಗೆ ಕಾಲಿಟ್ಟ ಕೂಡಲೇ ಹುಡುಗಿ ಬೆಳಗ್ಗಿನಿಂದ ಮೊದಲ ಬಾರಿಗೆ ತಾನಾಗಿ ಮಾತಾಡಿದಳು.

‘ಅಪ್ಪ, ಇಲ್ಲಿ ಎಂತ ಇಷ್ಟು ತಂಪು?’

ತಂದೆ ತಲೆಯೆತ್ತಿ ಮಾಡು ನೋಡಿದರು. ‘ಹಂಚಿನ ಮಾಡಲ್ವಾ? ಹಂಚು ಹಂಚಿನ ನಡುವೆ ಸಂದು ಉಂಟು. ಬಿಸಿಗಾಳಿ ಮೇಲೇರಿ ಅದರಲ್ಲಿ ಹೊರಗೆ ಹೋಗ್ತದೆ. ಕೆಳಗೆ ಕಿಟಕಿ, ಬಾಗಿಲಲ್ಲಿ ತಂಪುಗಾಳಿ ಒಳಗೆ ಬರ್ತದೆ. ನಮ್ಮ ಅಜ್ಜನ ಮನೆಯೂ ಹೀಗೇ ಇತ್ತು.’

ಹುಡುಗಿ ಅವರ ಮುಖ ನೋಡಿದಳು. ‘ಇದು ನಮಗೆ ಪಾಠದಲ್ಲಿ ಉಂಟು. ಸಂವಹನ ಅಂತ. ನಾನು ಬರೀ ಬಾಯಿಪಾಠ ಮಾಡಿದ್ದು.’

ತಂದೆ ಓದಿದ್ದು ಹತ್ತನೆಯ ತರಗತಿಯವರೆಗೆ. ಸಂವಹನ ಎಂಬ ಪದ ಅವರಿಗೆ ನೆನಪಿರಲಿಲ್ಲ. ಆದರೆ ಬಿಸಿಗಾಳಿ ಹಗುರವಾಗಿ ಮೇಲೇರುವುದು, ಆ ಜಾಗಕ್ಕೆ ತಂಪುಗಾಳಿ ನುಗ್ಗುವುದು ಗೊತ್ತಿತ್ತು. ಮಗಳಿಗೆ ಪದ ಗೊತ್ತಿತ್ತು, ಸಂಗತಿ ಕಣ್ಣಿಗೆ ಬಿದ್ದಿರಲಿಲ್ಲ. ಎರಡೂ ಒಂದೇ ಕೋಣೆಯಲ್ಲಿ ಭೇಟಿಯಾದದ್ದು ಅಂದೇ.

ಈ ಸೀಮೆಯ ಹಳೆಯ ಮನೆಗಳಲ್ಲಿ ಇಂಥ ಪಾಠಗಳು ಬೇಕಾದಷ್ಟಿವೆ. ಪುತ್ತೂರು, ಸುಳ್ಯ, ಕಡಬದ ಕಡೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಅಷ್ಟು ನೀರು ನಿಲ್ಲದೆ ಹರಿದುಹೋಗಬೇಕಾದರೆ ಮಾಡು ಇಳಿಜಾರಾಗಿರಲೇಬೇಕು. ಆ ಮಾಡಿಗೆ ಹೊದಿಸುವ ಮಂಗಳೂರು ಹಂಚಿನ ಮೊದಲ ಕಾರ್ಖಾನೆಯನ್ನು ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ ತೆರೆದದ್ದು 1865ರಲ್ಲಿ. ಗೋಡೆಗೆ ಮುರಕಲ್ಲು. ಲಕ್ಷಾಂತರ ವರ್ಷಗಳ ಮಳೆ ಬಂಡೆಯೊಳಗಿನ ಸಿಲಿಕಾವನ್ನೂ ಕರಗುವ ಲವಣಗಳನ್ನೂ ತೊಳೆದೊಯ್ದ ಮೇಲೆ ಉಳಿದ ಕಬ್ಬಿಣ, ಅಲ್ಯೂಮಿನಿಯಮ್‌ಗಳ ಆಕ್ಸೈಡೇ ಈ ಕಲ್ಲು. ಕಬ್ಬಿಣದಿಂದ ಅದಕ್ಕೆ ಕೆಂಪು ಬಣ್ಣ. ನೆಲದಲ್ಲಿರುವಾಗ ಮೆತ್ತಗಿದ್ದು ಕೊಯ್ಯಲು ಸುಲಭ, ಗಾಳಿ ಬಿಸಿಲಿಗೆ ಬಂದ ಮೇಲೆ ಗಟ್ಟಿ. ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಮಲಬಾರಿನ ಅಂಗಡಿಪುರಂನಲ್ಲಿ ಜನ ಇದನ್ನು ಇಟ್ಟಿಗೆಯಂತೆ ಕತ್ತರಿಸಿ ಮನೆ ಕಟ್ಟುವುದನ್ನು ಕಂಡು, ಲ್ಯಾಟಿನ್ ಭಾಷೆಯ ಇಟ್ಟಿಗೆ ಎಂಬ ಪದದಿಂದ ಈ ಹೆಸರನ್ನು ರೂಪಿಸಿ 1807ರಲ್ಲಿ ಪ್ರಕಟಿಸಿದ. ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿ ಇಂದಿಗೂ ಅದೇ ಹೆಸರು. ನಮ್ಮ ಮಕ್ಕಳು ಅದೇ ಕಲ್ಲಿನ ಪಾಗಾರದ ಮೇಲೆ ಕೂತು ಅದರ ವ್ಯಾಖ್ಯೆಯನ್ನು ಉರು ಹೊಡೆಯುತ್ತಾರೆ.

ಹಳೆಯ ಮನೆಯೊಂದು ಕಲೆ, ಸಾಹಿತ್ಯಗಳ ಮನೆಯಾಗುವುದು ಹೊಸತಲ್ಲ. ರೋಮ್ ನಗರದ ಗುಡ್ಡದ ಮೇಲೆ ಹದಿನಾರನೆಯ ಶತಮಾನದ ವಿಲ್ಲಾ ಮೆಡಿಚಿ ಎಂಬ ಭವನವಿದೆ. ಯುರೋಪಿನ ನವೋದಯ ಕಾಲದ ಸಿರಿವಂತರ ಮನೆ ಅದು. 1633ರಲ್ಲಿ ಶಿಕ್ಷೆ ಘೋಷಣೆಯಾದ ಮೇಲೆ ಗೆಲಿಲಿಯೊನನ್ನು ಕೆಲವು ದಿನ ಇರಿಸಿದ್ದು ಅಲ್ಲಿ. 1803ರಿಂದ ಅದು ಫ್ರಾನ್ಸಿನ ಕಲಾ ಅಕಾಡೆಮಿಯ ನೆಲೆ. ನಮ್ಮಲ್ಲೂ ಕುಪ್ಪಳಿಯ ಕವಿಮನೆ ಇದೆ. ಗಡಿಯಾಚೆಯ ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಗಳ ಮನೆ ‘ಗಿಳಿವಿಂಡು’ ಆಗಿ ಉಳಿದಿದೆ. ಇವುಗಳ ನಡುವೆ ಬಾಲವನಕ್ಕೆ ಒಂದು ವಿಶೇಷವುಂಟು. ಉಳಿದವು ಮೊದಲು ಮನೆಗಳಾಗಿದ್ದು, ಕಾಲಾನಂತರ ಊರಿನ ಸೊತ್ತಾದವು. ಬಾಲವನವಾದರೋ ಮೊದಲ ದಿನದಿಂದಲೇ ಊರಿನ ಮಕ್ಕಳಿಗಾಗಿ ಎಂದು ಹೊರಟ ಜಾಗ. ಆದ್ದರಿಂದ ಅಲ್ಲಿ ಮಕ್ಕಳ ಗದ್ದಲ ಕೇಳಿದರೆ ಮನೆಯ ಘನತೆಗೆ ಕುಂದಲ್ಲ. ಗದ್ದಲ ನಿಂತರೇ ಕುಂದು.

ಇಬ್ಬರೂ ನಾಟ್ಯಶಾಲೆಯ ಕಡೆ ನಡೆದರು. ಕಾರಂತರು ಸ್ವತಃ ಕುಣಿದವರು, ಮಕ್ಕಳನ್ನು ಕುಣಿಸಿದವರು, ಯಕ್ಷಗಾನದ ಹೆಜ್ಜೆ, ರಾಗ, ವೇಷಗಳ ಬೆನ್ನುಹತ್ತಿ ಊರೂರು ಸುತ್ತಿದವರು. 1930ರ ಸುಮಾರಿಗೇ ಮೂಕಿ ಚಿತ್ರವನ್ನೂ ತೆಗೆದರು. ಫೋಟೊ ಹಿಡಿದರು, ಚಿತ್ರ ಬಿಡಿಸಿದರು, ಪುತ್ತೂರಿನಲ್ಲಿ ತಮ್ಮದೇ ಮುದ್ರಣಾಲಯ ಹಾಕಿ ಪುಸ್ತಕ ಅಚ್ಚು ಮಾಡಿದರು. 1948ರಲ್ಲಿ ಬಂದ ತಮ್ಮ ಆತ್ಮಕಥೆಗೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಆ ಹತ್ತು ಮುಖಗಳಲ್ಲಿ ಒಂದನ್ನು ಜನ ಬೇಗ ಮರೆಯುತ್ತಾರೆ. ಅದು ವಿಜ್ಞಾನದ ಮುಖ. ‘ಚೋಮನ ದುಡಿ’ ಬರೆದವರು, ‘ಮೂಕಜ್ಜಿಯ ಕನಸುಗಳು’ ಕೃತಿಗೆ ಜ್ಞಾನಪೀಠ ಪಡೆದವರು ಎಂದರೆ ಎಲ್ಲರಿಗೂ ತಿಳಿಯುತ್ತದೆ. ಅದೇ ಕಾರಂತರು 1936ರಲ್ಲಿ ಮಕ್ಕಳಿಗಾಗಿ ‘ಬಾಲಪ್ರಪಂಚ’ ಎಂಬ ವಿಶ್ವಕೋಶವನ್ನು ಮೂರು ಸಂಪುಟಗಳಲ್ಲಿ ಒಬ್ಬರೇ ಸಿದ್ಧಪಡಿಸಿದರು. 1959ರಿಂದ 1964ರ ನಡುವೆ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳು ಬಂದವು. ವಿಶ್ವವಿದ್ಯಾನಿಲಯವೊಂದು ಹತ್ತಾರು ಪಂಡಿತರನ್ನು ಕೂಡಿಸಿ ಮಾಡುವ ಕೆಲಸ ಅದು. ಪದವಿ ಇಲ್ಲದ ಒಬ್ಬ ಮನುಷ್ಯ ಪುತ್ತೂರಿನಂಥ ಊರಲ್ಲಿ ಕೂತು ಮಾಡಿದರು.

ಇದನ್ನು ಕೇಳಿ ‘ಹಾಗಾದರೆ ಕಾಲೇಜು ಬಿಟ್ಟರೂ ನಡೆಯುತ್ತದೆ’ ಎಂದು ಯಾವ ವಿದ್ಯಾರ್ಥಿಯೂ ತಿಳಿಯಬಾರದು. ಕಾರಂತರು ಬಿಟ್ಟದ್ದು ಕಾಲೇಜನ್ನು, ಓದನ್ನಲ್ಲ. ಪರೀಕ್ಷೆಗೆ ಓದುವವನು ಪರೀಕ್ಷೆ ಮುಗಿದ ದಿನ ಪುಸ್ತಕ ಮುಚ್ಚುತ್ತಾನೆ. ಅವರಿಗೆ ಅಂಥ ಕೊನೆಯ ದಿನವೇ ಇರಲಿಲ್ಲ. 1997ರ ಡಿಸೆಂಬರ್ 9ರಂದು, 95 ದಾಟಿದ ವಯಸ್ಸಿನಲ್ಲಿ ತೀರಿಕೊಂಡ ಅವರು ಕೊನೆಯ ವರ್ಷಗಳಲ್ಲೂ ಹಕ್ಕಿಗಳ ಬಗ್ಗೆ ಬರೆಯುತ್ತಿದ್ದರು.

ನಾಟ್ಯಶಾಲೆಯ ಬಳಿ ಮರದ ನೆರಳಲ್ಲಿ ಕೂತು ಇಬ್ಬರೂ ಬುತ್ತಿ ಬಿಚ್ಚಿದರು. ಊಟವಾದ ಮೇಲೆ ಹುಡುಗಿಯ ಕಣ್ಣು ಮರದ ಕಾಂಡದ ಮೇಲೆಯೇ ಓಡಾಡುತ್ತಿತ್ತು. ಹಾರುವ ಓತಿ ಕಂಡೀತೇ ಎಂಬ ಆಸೆ. ತಂದೆಗೆ ಅದು ತಿಳಿಯಿತು. ಬೈಯುವ ಬದಲು ಕೇಳಿದರು:

‘ಒಂದು ದಿನ ನಾಲ್ಕು, ಒಂದು ದಿನ ಏಳು ಅಂತ ಬರೆದಿದ್ದೀಯಲ್ಲ. ನಿನ್ನೆ ನೋಡಿದ ಓತಿಯನ್ನೇ ಇವತ್ತೂ ಲೆಕ್ಕಕ್ಕೆ ಹಿಡಿದಿದ್ದರೆ?’

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಅದೇ ನನಗೂ ಗೊತ್ತಾಗದ್ದು’ ಎಂದಳು. ‘ಹುಲಿ ಲೆಕ್ಕ ಮಾಡುವವರಿಗೂ ಅದೇ ತೊಂದರೆ ಇತ್ತಂತೆ. ಶಾಲೆಯ ಲೈಬ್ರರಿಯ ಪುಸ್ತಕದಲ್ಲಿ ಉಂಟು. ಅದಕ್ಕೆ ಉಪಾಯ ಮಾಡಿದವರು ಇದೇ ಮನೆಯವರು ಅಪ್ಪ.’

ಅವಳು ಹೇಳಿದ್ದು ಉಲ್ಲಾಸ ಕಾರಂತರ ವಿಷಯ. 1948ರಲ್ಲಿ ಪುತ್ತೂರಿನಲ್ಲಿ ಹುಟ್ಟಿದ ಅವರು ಶಿವರಾಮ ಕಾರಂತರ ಮಗ. ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್ ಓದಿದವರು. ಇಂದಿನ ತಂದೆತಾಯಿಗಳು ನೆಮ್ಮದಿಯ ಉಸಿರು ಬಿಡುವುದು ಅಲ್ಲಿಗೆ. ಆದರೆ ಅವರು ಅಲ್ಲಿ ನಿಲ್ಲದೆ ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾನಿಲಯದಲ್ಲಿ ವನ್ಯಜೀವಿ ವಿಜ್ಞಾನ ಕಲಿತು, ನಾಗರಹೊಳೆಯ ಕಾಡಿನಲ್ಲಿ ಹುಲಿಗಳ ಅಧ್ಯಯನಕ್ಕೆ ಇಳಿದರು. ಹಿಂದೆ ಹೆಜ್ಜೆಗುರುತು ನೋಡಿ ಹುಲಿ ಎಣಿಸುತ್ತಿದ್ದರು. ಒಂದೇ ಹುಲಿಯ ಹೆಜ್ಜೆ ಹಸಿ ಮಣ್ಣಿನಲ್ಲಿ ಒಂದು ಬಗೆ, ಒಣ ಹುಡಿಯಲ್ಲಿ ಇನ್ನೊಂದು ಬಗೆ ಕಾಣುವುದರಿಂದ ಲೆಕ್ಕ ತಪ್ಪುತ್ತಿತ್ತು. ಉಲ್ಲಾಸ ಕಾರಂತರು ಕಾಡಿನ ದಾರಿಗಳ ಪಕ್ಕದಲ್ಲಿ ತಾನಾಗಿ ಚಿತ್ರ ತೆಗೆಯುವ ಕ್ಯಾಮರಾಗಳನ್ನು ಇರಿಸಿದರು. ಒಂದು ಹುಲಿಯ ಪಟ್ಟೆಯಂತೆ ಇನ್ನೊಂದರದ್ದು ಇರುವುದಿಲ್ಲ. ನಮ್ಮ ಬೆರಳಚ್ಚಿನ ಹಾಗೆ. ಆದ್ದರಿಂದ ಮೊದಲು ಬಂದ ಹುಲಿ ಯಾವುದು, ಮತ್ತೆ ಬಂದದ್ದು ಯಾವುದು ಎಂದು ಗುರುತಿಸಬಹುದು. ಮುಂದಿನದ್ದು ಗಣಿತ.

ಆ ಗಣಿತವನ್ನು ಹುಡುಗಿ ಅಪ್ಪನಿಗೆ ಬಿಡಿಸಿ ಹೇಳಲು ಹೋಗಿ ತೊಡರಿದಳು. ತಂದೆ ಕೇಳುತ್ತ ಕೇಳುತ್ತ, ‘ತಡಿ, ಅಡಿಕೆಯಲ್ಲಿ ಹೇಳುವ’ ಎಂದರು.

ಒಂದು ಗೋಣಿಯಲ್ಲಿ ಎಷ್ಟು ಅಡಿಕೆ ಇದೆ ಎಂದು ಗೊತ್ತಿಲ್ಲ. ಪೂರ್ತಿ ಸುರಿದು ಎಣಿಸುವಂತಿಲ್ಲ. ಕೈಹಾಕಿ 50 ತೆಗೆದು, ಒಂದೊಂದಕ್ಕೂ ಸುಣ್ಣದ ಬೊಟ್ಟು ಇಟ್ಟು ಮತ್ತೆ ಗೋಣಿಗೆ ಹಾಕಿ, ಚೆನ್ನಾಗಿ ಕಲಸಬೇಕು. ಆಮೇಲೆ ಮತ್ತೊಮ್ಮೆ 50 ತೆಗೆಯಬೇಕು. ಅದರಲ್ಲಿ 10 ಅಡಿಕೆಗೆ ಬೊಟ್ಟು ಇದ್ದರೆ, ತೆಗೆದದ್ದರ ಐದನೆಯ ಒಂದು ಪಾಲು ಬೊಟ್ಟಿನದ್ದು ಎಂದಾಯಿತು. ಇಡೀ ಗೋಣಿಯಲ್ಲೂ ಸುಮಾರಾಗಿ ಅದೇ ಪಾಲು ಇರಬೇಕು. ಬೊಟ್ಟು ಇಟ್ಟದ್ದು ಒಟ್ಟು 50. ಹಾಗಾದರೆ ಗೋಣಿಯಲ್ಲಿರುವುದು ಹೆಚ್ಚುಕಡಿಮೆ 250.

‘ಇಷ್ಟೇಯಾ?’ ಎಂದರು ತಂದೆ.

‘ಇಷ್ಟೇ ಅಲ್ಲ, ಮತ್ತೆಯೂ ಉಂಟು. ಆದರೆ ಬುಡ ಇದೇ’ ಎಂದಳು ಮಗಳು. ಅನುಪಾತದ ಪಾಠದಲ್ಲಿ ಅವಳಿಗೆ ಅಂಕ ಹೋಗಿತ್ತು. ಅದು ತಾನು ಓತಿಗಳ ಬಗ್ಗೆ ತಲೆ ಕೆಡಿಸಿಕೊಂಡಿದ್ದ ಪ್ರಶ್ನೆಯ ಉತ್ತರವೆಂದು ಅವಳಿಗೆ ಅಲ್ಲಿಯ ತನಕ ಹೊಳೆದಿರಲಿಲ್ಲ. ಪುಸ್ತಕದ ಗಣಿತ ಒಂದು ಕಡೆ, ತೋಟದ ಎಣಿಕೆ ಇನ್ನೊಂದು ಕಡೆ ಎಂದು ನಂಬಿದ್ದವರು ಅವಳೂ ಅವಳ ತಂದೆಯೂ ಇಬ್ಬರೇ ಅಲ್ಲ. ಎಷ್ಟೋ ಮನೆಗಳಲ್ಲಿ, ಎಷ್ಟೋ ತರಗತಿಗಳಲ್ಲಿ ನಂಬಿಕೆ ಅದೇ.

ಗಂಟೆ ಒಂದೂವರೆಯಾಯಿತು. ಹೊರಡುವ ಮುನ್ನ ತಂದೆ ಮತ್ತೊಮ್ಮೆ ಮನೆಯ ಮುಂದೆ ನಿಂತರು. ಅವರು ಚಿಕ್ಕಂದಿನಲ್ಲಿ ಓದಿದ ಒಂದೇ ಒಂದು ಕಾದಂಬರಿ ‘ಬೆಟ್ಟದ ಜೀವ’. 1943ರ ಆ ಕಾದಂಬರಿಯ ಕಾಡು, ಕಣಿವೆ, ಸುಬ್ರಹ್ಮಣ್ಯದ ದಾರಿ ಎಲ್ಲ ಅವರ ಹಳ್ಳಿಯ ನೆರೆಯದ್ದೇ. ಆದ್ದರಿಂದಲೇ ಯಾರೋ ಓದಲು ಕೊಟ್ಟಿದ್ದರು. ಕಾಡು ಕಡಿದು ತೋಟ ಎಬ್ಬಿಸಿದ ಮುದುಕ ಗೋಪಾಲಯ್ಯ, ಅವರ ಹೆಂಡತಿ ಶಂಕರಿ. ಅವರಿಗೆ ಇದ್ದ ದುಃಖ, ಮನೆ ಬಿಟ್ಟುಹೋದ ಮಗ. ಓದಿದಾಗ ತಂದೆಗೆ ಹದಿನಾರು ವರ್ಷ. ಅಂದು ಅವರಿಗೆ ತೋಟ ಎಬ್ಬಿಸಿದ ಸಾಹಸವೇ ದೊಡ್ಡದಾಗಿ ಕಂಡಿತ್ತು. ಆ ಮಗ ಯಾಕೆ ಹೋದ ಎಂದು ಯೋಚಿಸಿರಲಿಲ್ಲ. ಈಗ ತನ್ನದೇ ಮನೆಯಲ್ಲಿ ಒಂದು ತಿಂಗಳಿಂದ ಮಗಳು ಊಟದ ಹೊತ್ತಿಗೆ ಮಾತ್ರ ಎದುರು ಬರುತ್ತಿದ್ದಳು. ಮಕ್ಕಳು ಮನೆ ಬಿಡುವುದು ಯಾವಾಗಲೂ ಬಸ್ಸು ಹತ್ತಿಯೇ ಆಗಬೇಕೆಂದಿಲ್ಲ.

ಎರಡು ಗಂಟೆಗೆ ಸರಿಯಾಗಿ ಅವರು ಟ್ಯೂಷನ್ ತರಗತಿಯ ಬಾಗಿಲಲ್ಲಿದ್ದರು. ಅಂಕ ಬೇಡವೆಂದು ತಂದೆಗೆ ಅನಿಸಿರಲಿಲ್ಲ. ಅಡಿಕೆಯ ಬೆಲೆ ನಂಬಿ ಬದುಕುವವರಿಗೆ ಮಕ್ಕಳ ಅಂಕದ ಬೆಲೆ ಗೊತ್ತಿರುತ್ತದೆ. ಫಾರ್ಮು ತುಂಬಿದರು, ಹಣ ಎಣಿಸಿಟ್ಟರು. ವಾರದ ದಿನಗಳಿಗೆ ಒಂದು ಶುಲ್ಕ, ಆದಿತ್ಯವಾರವೂ ಸೇರಿ ಇನ್ನೊಂದು ಶುಲ್ಕ ಇತ್ತು. ‘ಆದಿತ್ಯವಾರದ್ದೂ ಸೇರಿಸಿ, ಎಲ್ಲರೂ ಅದನ್ನೇ ತೆಗೆದುಕೊಳ್ಳುವುದು’ ಎಂದರು ಮೇಜಿನ ಹಿಂದೆ ಇದ್ದವರು.

‘ಆದಿತ್ಯವಾರ ಬೇಡ’ ಎಂದರು ತಂದೆ. ‘ಆ ದಿನ ಅವಳಿಗೆ ತೋಟದಲ್ಲಿ ಕೆಲಸ ಉಂಟು.’

ಮಗಳು ತಟ್ಟನೆ ತಿರುಗಿ ನೋಡಿದಳು. ತಂದೆ ಅವಳ ಕಡೆ ನೋಡದೆ ಚಿಲ್ಲರೆ ಎಣಿಸುತ್ತಿದ್ದರು.

ಸಂಜೆಯ ಬಸ್ಸು ಶಾಂತಿಮೊಗರಿನ ಸೇತುವೆ ದಾಟುವಾಗ ಕುಮಾರಧಾರೆ ತಳ ಕಾಣುವಷ್ಟು ಬಡವಾಗಿತ್ತು. ಮೂಡಣ ಬೆಟ್ಟದ ಮೇಲೆ ಮಾತ್ರ ಮೋಡ ಕಟ್ಟಿತ್ತು. ಹುಡುಗಿ ನೋಟ್ ಪುಸ್ತಕವನ್ನು ಚೀಲದಿಂದ ಹೊರಗೆ ತೆಗೆದು ಮಡಿಲಲ್ಲಿ ಇರಿಸಿಕೊಂಡಿದ್ದಳು. ಹುಲಿಗೆ ಪಟ್ಟೆ ಉಂಟು, ಅಡಿಕೆಗೆ ಸುಣ್ಣದ ಬೊಟ್ಟು ಇಡಬಹುದು. ಓತಿಯನ್ನು ನೋಯಿಸದೆ, ಹೆದರಿಸದೆ ಗುರುತು ಹಿಡಿಯುವುದು ಹೇಗೆ? ಕತ್ತಿನ ಕೆಳಗಿನ ಹಳದಿ ಚೀಲದಲ್ಲಿ ವ್ಯತ್ಯಾಸ ಇದ್ದೀತೇ, ರೆಕ್ಕೆಯಂತೆ ಬಿಚ್ಚುವ ಚರ್ಮದ ಕಲೆಗಳಲ್ಲಿ ಇದ್ದೀತೇ ಎಂದು ತಂದೆ, ಮಗಳು ಕಡಬ ಬರುವ ತನಕ ಚರ್ಚೆ ಮಾಡಿದರು. ಉತ್ತರ ಸಿಗಲಿಲ್ಲ. ಮಳೆ ಹಿಡಿಯುವ ಮೊದಲಿನ ಆದಿತ್ಯವಾರ ಹತ್ತಿರದಿಂದ ನೋಡುವುದೆಂದು ತೀರ್ಮಾನವಾಯಿತು.